ಸೊನ್ನೆ ಒತ್ತದ ಬೆರಳು

"ಹೊರಗೆ ಬಿದ್ರಾ? ಬಿದ್ರೆ ಬಿದ್ರಿ, ಬಿಡಿ. ಈಗ ಎದ್ದು, ಒಂದು ಕೀಬೋರ್ಡ್ ಕಂಕುಳಲ್ಲಿ ಇಟ್ಕೊಂಡು, ಆ ಸರ್ವರ್ ಎಲ್ಲಿದೆಯೋ ಅಲ್ಲಿಗೆ ನಡ್ಕೊಂಡು ಹೋಗಿ. ಬೇರೆ ದಾರಿ ಇಲ್ಲ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಸರ್ವರಿನ ಬೆನ್ನಿಂದ ಬರುವ ಬಿಸಿಗಾಳಿಗೆ ಅಂಗೈ ಕಾಯಿಸಿಕೊಳ್ಳುತ್ತಿದ್ದಾರೆ. ಫೋನಿನ ಆ ತುದಿಯಲ್ಲಿರುವುದು ಬೇರೊಂದು ಊರಿನ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಬಾಗಿಲು ಎಳೆದುಕೊಂಡು ಹೊರಬಂದ ಮೇಲೆ ಕೀಲಿಕೈ ಒಳಗೇ ಉಳಿಯಿತೆಂದು ಗೊತ್ತಾದ ಗಂಡಸಿನ ದನಿ ಹೇಗಿರುತ್ತದೋ ಅವನದೂ ಹಾಗೇ ಇದೆ.

"ಚೀಟಿ ಇಲ್ಲದ ಯಾವುದನ್ನೂ ಒಳಗೆ ಬಿಡ್ಬೇಡ ಅಂತ ಅದಕ್ಕೆ ಹೇಳಿದ್ರಿ, ಅಲ್ವಾ? ಅದಕ್ಕೂ ಮೊದ್ಲು ನಿಮ್ಮ ಕಂಪ್ಯೂಟರಿಗೆ ಚೀಟಿ ಹಚ್ಚಿದ್ರಾ?" ಆ ಕಡೆಯವನು ಏನೋ ಗೊಣಗುತ್ತಾನೆ. "ಹಚ್ಚಿಲ್ಲ. ಅದು ಪಾಪ ನಿಮ್ಮ ಮಾತು ಚಾಚೂ ತಪ್ಪದೆ ಕೇಳ್ತು. ಮೊದಲ ಏಟಿಗೆ ನಿಮ್ಮನ್ನೇ ಆಚೆ ಹಾಕ್ತು. ನಗ್ತಿಲ್ಲ ತಮ್ಮಾ. ನಾನೂ ಹೀಗೇ ಬಿದ್ದೋಳು."

ನಗುತ್ತಿಲ್ಲ ಎನ್ನುವಾಗ ಇವರ ಬಾಯಿಗೆ ಸ್ವೆಟರಿನ ತೋಳು ಅಡ್ಡ ಇದೆ.

ಆಸ್ಪತ್ರೆಯಲ್ಲಿ ಇವರಿಗೆ ಚೀಟಮ್ಮ ಎಂದೇ ಹೆಸರು. ಪ್ರೀತಿ ಇದ್ದವರು ಚೀಟಕ್ಕ ಎನ್ನುತ್ತಾರೆ, ಸಿಟ್ಟು ಬಂದವರು ಚೀಟಿಕಾಟಮ್ಮ ಎನ್ನುತ್ತಾರೆ. ಹೊರರೋಗಿಗಳ ವಿಭಾಗದಿಂದ ಹಿಡಿದು ಔಷಧಿ ಉಗ್ರಾಣದವರೆಗೆ ಎಲ್ಲ ಕಂಪ್ಯೂಟರುಗಳ ನಡುವಿನ ಸಂಪರ್ಕ ಇವರ ಸುಪರ್ದಿಯಲ್ಲಿದೆ. ನೆಟ್ ನೆಟ್ಟಗಿದ್ದ ದಿನ ಇವರು ಇದ್ದಾರೆಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ದಿನ ಕೆಟ್ಟವರು ಇವರೊಬ್ಬರೇ.

ಈ ಕೋಣೆ ಹಿಂದೆ ಬಟ್ಟೆಯ ಉಗ್ರಾಣವಾಗಿತ್ತು. ಕಪಾಟುಗಳ ಮೇಲೆ 'ಹೊದಿಕೆ', 'ದಿಂಬಿನ ಚೀಲ' ಎಂಬ ನೀಲಿ ಅಕ್ಷರಗಳು ಹಾಗೇ ಇವೆ. ಹೊದಿಕೆಯ ಜಾಗದಲ್ಲಿ ಈಗ ಸರ್ವರ್ ಮಲಗಿದೆ. ಗೋಡೆಯಾಚೆ ಲಾಂಡ್ರಿ, ಅದರ ಯಂತ್ರ ತಿರುಗಿದಾಗಲೆಲ್ಲ ಚೀಟಮ್ಮನ ಮೇಜು ನಡುಗುತ್ತದೆ. ಆ ಲಾಂಡ್ರಿಯ ಮುಖ್ಯಸ್ಥರನ್ನು ಎಲ್ಲರೂ ಲಾಂಡ್ರಿಯಜ್ಜ ಎನ್ನುತ್ತಾರೆ. ಪ್ರತಿ ಹಾಸಿಗೆಬಟ್ಟೆಯ ಮೂಲೆಗೂ ಅವರು ಒಂದೊಂದು ಬಣ್ಣದ ದಾರ ಹೊಲಿಸಿದ್ದಾರೆ. ಸೋಂಕಿನ ವಾರ್ಡಿಗೆ ಕೆಂಪು, ಮಕ್ಕಳ ವಾರ್ಡಿಗೆ ಹಳದಿ. ಕೆಂಪು ದಾರದ ಬಟ್ಟೆ ಯಾರ ಕೈಯಲ್ಲೇ ಇರಲಿ, ಯಾವ ಗಾಡಿಯಲ್ಲೇ ಬರಲಿ, ಮಕ್ಕಳ ವಾರ್ಡಿನ ಬಾಗಿಲು ದಾಟುವಂತಿಲ್ಲ.

"ಗಾಡಿ ತಳ್ಳೋನು ಇವತ್ತು ಇರ್ತಾನೆ, ನಾಳೆ ಇನ್ನೊಬ್ಬ ಬರ್ತಾನೆ" ಎನ್ನುತ್ತಾರೆ ಅಜ್ಜ, ಇಸ್ತ್ರಿಯ ಹಬೆಯ ನಡುವಿನಿಂದ. "ಒಬ್ಬನಿಗೆ ನಿದ್ದೆ, ಒಬ್ಬನಿಗೆ ಫೋನು. ಗಾಡಿ ನಂಬಿದ್ರೆ ಕೆಟ್ಟೆ. ದಾರ ನಂಬಬೇಕು."

ಚೀಟಮ್ಮ ಮಾಡಿರುವುದೂ ಅದನ್ನೇ, ಬಟ್ಟೆಯ ಬದಲು ಮಾಹಿತಿಗೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಏನೇ ಹೋದರೂ ಸಣ್ಣಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಸಾಮಾನ್ಯ ಜಾಲಗಳಲ್ಲಿ ಕಾವಲು ಇರುವುದು ಬಾಗಿಲಿಗೆ: ಎಲ್ಲಿಂದ ಬಂದೆ, ಯಾವ ಕಡೆ ಹೊರಟೆ. ಒಮ್ಮೆ ಒಳಗೆ ಬಂದವನು ಮನೆಯವನೇ. ಇಲ್ಲಿ ಹಾಗಲ್ಲ. ಪ್ರತಿ ಪ್ಯಾಕೆಟ್ಟಿನ ಮೇಲೂ ಇದು ಯಾವ ವಿಭಾಗದ್ದು, ಎಷ್ಟು ಗುಟ್ಟಿನದು ಎಂಬ ಚೀಟಿ ಇದೆ. ಆ ತುದಿಯ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಆ ಚೀಟಿ ಓದಿ, ಅದನ್ನು ಕೇಳಿದ ತಂತ್ರಾಂಶಕ್ಕೆ ಯಾವ ಚೀಟಿ ಕೊಟ್ಟಿದೆ ಎಂದು ನೋಡಿ, ತಾಳೆಯಾದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ.

"ಅದಕ್ಕೆ ಮುಖದಾಕ್ಷಿಣ್ಯ ಅನ್ನೋದೇ ಇಲ್ಲ" ಎನ್ನುತ್ತಾರೆ ಚೀಟಮ್ಮ, ಮನೆಯ ಹಿರಿಮಗನ ಗುಣ ಹೇಳುವವರಂತೆ. "ದೊಡ್ಡ ಡಾಕ್ಟ್ರು, ಚಿಕ್ಕ ಡಾಕ್ಟ್ರು ಅಂತಿಲ್ಲ. ಶಿಫಾರಸು ಕೇಳಲ್ಲ. ಕಾಫಿ ಕುಡಿಸಿದ್ರೂ ಬಗ್ಗಲ್ಲ."

ಇಷ್ಟು ಬಿಗಿ ಯಾಕೆ ಎಂದು ಕೇಳಿದರೆ ಇವರು ಮೇಲೆ ನೋಡುತ್ತಾರೆ. ಮೂರನೇ ಮಹಡಿಯ ಕೊನೆಯಲ್ಲಿ ಮೂಲೆಕೋಣೆ ಇದೆ. ಮನೆಯಲ್ಲಿ ಏಟು ತಿಂದ ಹೆಂಗಸರು ಬಂದು ಕೂರುವ ಜಾಗ ಅದು. ಅಲ್ಲಿನ ಆಪ್ತಸಲಹೆಗಾರ್ತಿ ಕೇಳಿ ದಾಖಲಿಸುವುದರಲ್ಲಿ ಗಾಯದ ವಿವರ ಇರುತ್ತದೆ, ಈಗ ಅಡಗಿಕೊಂಡಿರುವ ಮನೆಯ ವಿಳಾಸ ಇರುತ್ತದೆ, ಮಕ್ಕಳ ಶಾಲೆ ಇರುತ್ತದೆ. ಅದೆಲ್ಲ ಹಿಂದೆ ಹೋಗಿ ಸೇರುತ್ತಿದ್ದುದು ಹಲ್ಲುನೋವಿನವರ ಕಡತಗಳೂ ಇರುವ ಅದೇ ಸರ್ವರಿಗೆ. ಸರ್ವರ್ ಎಂದ ಮಾತ್ರಕ್ಕೆ ಸರ್ವರ ಸೊತ್ತೇ ಎಂದು ಯಾರೂ ಕೇಳಿರಲಿಲ್ಲ. ಒಂದು ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಯಾವುದೋ ಹೆಸರು ಹುಡುಕುವಾಗ ಅದರ ಪಕ್ಕದ ಹೆಸರು ತೆರೆದುಕೊಂಡಿತು. ಪರದೆಯ ಮೇಲೆ ಬಂದದ್ದು ಒಬ್ಬಾಕೆಯ ಹೊಸ ವಿಳಾಸ. ಕೌಂಟರಿನಲ್ಲಿ ಕೂತಿದ್ದವನು ಆಕೆಯ ಗಂಡನ ಸೋದರಮಾವನ ಮಗ. ಆ ವಾರವೇ ಗಂಡ ಆ ಮನೆಯ ಬಾಗಿಲಲ್ಲಿ ನಿಂತಿದ್ದ.

"ಬದುಕಿದ್ದಾಳೆ. ಊರು ಬಿಟ್ಟು ಹೋದ್ಲು" ಎನ್ನುತ್ತಾರೆ ಚೀಟಮ್ಮ. "ಆಮೇಲೆ ವಿಚಾರಣೆ ಆಯ್ತು. ಯಾರದೂ ತಪ್ಪಿಲ್ಲ ಅಂತ ಬಂತು. ನನಗೆ ತಡೀಲಾರದೆ ಹೋಗಿದ್ದು ಅದೇ. ಯಾರದೂ ತಪ್ಪಿಲ್ಲದೆ ಇಂಥದ್ದು ಆಗೋದಾದ್ರೆ, ನಾಳೆನೂ ಆಗುತ್ತಲ್ಲ."

ಆಗಲೇ ಇವರು ಲೇಬಲ್, ಅಂದರೆ ಈ ಚೀಟಿ, ಹಚ್ಚಿದ ಜಾಲದ ಬಗ್ಗೆ ಓದಲು ಕೂತಿದ್ದು. ಲಿನಕ್ಸ್ ಮುಕ್ತ ವ್ಯವಸ್ಥೆ. ಅದರ ಒಳಗಿನದೆಲ್ಲವನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಮೂಲೆಕೋಣೆಯವರಿಗೆ ಮೊದಲು ಇದೇ ದಿಗಿಲು. ಎಲ್ಲರೂ ನೋಡಬಹುದಾದ್ದರಲ್ಲಿ ಗುಟ್ಟು ಉಳಿಯುವುದು ಹೇಗೆ? "ಬೀಗ ಹೇಗೆ ಮಾಡಿದ್ದಾರೆ ಅನ್ನೋದು ಊರಿಗೆಲ್ಲ ಗೊತ್ತಿರ್ಲಿ. ಗೊತ್ತಿದ್ರೂ ತೆಗೆಯೋಕಾಗಲ್ಲ ಅಂದ್ರೆ ತಾನೇ ಅದು ಬೀಗ" ಎಂದು ಇವರು ಅವರ ಬಾಯಿ ಮುಚ್ಚಿಸಿದ್ದಾರೆ.

ಓದಿದ್ದು ಒಂದು, ಮಾಡಹೊರಟದ್ದು ಇನ್ನೊಂದು. ಆರಂಭದ ಉತ್ಸಾಹದಲ್ಲಿ ಇವರು ಪ್ರತಿ ವಾರ್ಡಿಗೆ, ಪ್ರತಿ ಮೇಜಿಗೆ, ಕಡೆಗೆ ಕ್ಯಾಂಟೀನಿಗೂ ಒಂದೊಂದು ಬಗೆಯ ಚೀಟಿ ಮಾಡಿಟ್ಟರು. ಗೋಡೆಗೆ ಅಂಟಿಸಿದ ನಕ್ಷೆ ನೋಡಿ ಲಾಂಡ್ರಿಯಜ್ಜ ಕನ್ನಡಕ ತೆಗೆದು ಒರೆಸಿಕೊಂಡರಂತೆ. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರೆ. ಅದು ನಮ್ಮ ಬಗ್ಗೆ ಆಡೋ ಮಾತು ಅಂದ್ಕೊಂಡಿದ್ದೆ ಮಗಳೇ, ನಿಮ್ಮ ಕಡೆನೂ ಉಂಟಾ?" ಎಂದರಂತೆ. ಚೀಟಿಗಳು ಬೆರಳೆಣಿಕೆಗೆ ಇಳಿದವು. ಎಲ್ಲರಿಗೂ ಬೇಕಾದದ್ದು, ಚಿಕಿತ್ಸೆಯದ್ದು, ಲೆಕ್ಕದ್ದು, ಮೂಲೆಕೋಣೆಯದ್ದು, ಹೀಗೆ.

ಆಮೇಲೆ ಬಂತು ಆ ಬೀಳುವ ದಿನ. ಬೆಳಗಿನ ಹೊತ್ತು, ರೋಗಿಗಳು ಬರುವ ಮೊದಲು, ಆಗ ಮೇಲಿನ ಮಹಡಿಯಲ್ಲಿದ್ದ ತಮ್ಮ ಮೇಜಿನಿಂದಲೇ ಇವರು ಸರ್ವರಿಗೆ ಅಪ್ಪಣೆ ಕೊಟ್ಟರು: ಇನ್ನು ಚೀಟಿ ಇಲ್ಲದ ಯಾವುದನ್ನೂ ಒಳಗೆ ಸೇರಿಸಬೇಡ. ಸೇರಿಸಲಿಲ್ಲ. ಅಪ್ಪಣೆ ಕೊಟ್ಟ ಕಂಪ್ಯೂಟರಿಗೇ ಚೀಟಿ ಇರಲಿಲ್ಲ. ಪರದೆ ಕಲ್ಲಾಯಿತು. ಕೀಬೋರ್ಡ್ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಬಂದವರನ್ನು ಲಾಂಡ್ರಿಯ ಬಾಗಿಲಲ್ಲೇ ಅಜ್ಜ ತಡೆದು ಕಾರಣ ಕೇಳಿದರು. ಹೇಳಿದ ಮೇಲೆ ಮೇಲಿಂದ ಕೆಳಗೆ ಇವರನ್ನೇ ನೋಡಿದರು.

"ದಾರ ಇಲ್ಲದ ಬಟ್ಟೆನೆಲ್ಲ ಆಚೆ ಹಾಕು ಅಂದ್ಯಾ? ನೀನು ಉಟ್ಟಿರೋದಕ್ಕೆ ದಾರ ಇದೆಯಾ?"

ಈ ಮಾತು ಆಮೇಲೆ ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ಆದರೆ ಚೀಟಮ್ಮನಿಗೆ ದಾರಿ ಕಂಡದ್ದೂ ಅಲ್ಲೇ. ಹೊರಗಿನಿಂದ ಬಾಡಿಗೆಗೆ ಬರುವ ಬಟ್ಟೆಗೆ ದಾರ ಇರುವುದಿಲ್ಲ; ಅದು ಯಾವ ಬಾಗಿಲಿನಿಂದ ಒಳಗೆ ಬಂತೋ ಆ ಬಾಗಿಲಿನ ಬಣ್ಣ ಅದಕ್ಕೆ ಎಂಬುದು ಲಾಂಡ್ರಿಯ ಕಟ್ಟಳೆ. ಜಾಲದಲ್ಲೂ ಅಂಥದೇ ಏರ್ಪಾಡು ಇದೆ. ತಮ್ಮ ಪ್ಯಾಕೆಟ್ಟಿಗೆ ತಾವೇ ಚೀಟಿ ಹಚ್ಚಲು ಬಾರದ ಹಳೆಯ ಯಂತ್ರಗಳು, ಮುದ್ರಕಗಳು, ತಪಾಸಣೆಯ ಸಾಧನಗಳು ಯಾವ ವಿಳಾಸದಿಂದ ಮಾತಾಡುತ್ತವೋ ಆ ವಿಳಾಸಕ್ಕೆ ಒಂದು ಚೀಟಿ ಎಂದು ಮೊದಲೇ ಬರೆದಿಡಬಹುದು. ಅದನ್ನು ಮುಗಿಸಿ, ಕೊನೆಗೆ ಬಾಗಿಲು ಹಾಕಬೇಕು. ಇವರು ಓದಿದ್ದರು, ಅವಸರದಲ್ಲಿ ಹಾರಿಸಿದ್ದರು.

"ಈಗ ಯಾರೇ ಶುರು ಮಾಡ್ತೀನಿ ಅಂದ್ರೂ ಇಷ್ಟೇ ಹೇಳ್ತೀನಿ. ಮೊದ್ಲು ಕಾವಲನ್ನ ಸೊನ್ನೆಯಲ್ಲಿ ಇಟ್ಟು ನೋಡ್ತಾ ಕೂತ್ಕೊಳ್ಳಿ. ಆಮೇಲೆ ಚೀಟಿ ಹಚ್ಚಿ. ಒಂದನ್ನ ಒತ್ತೋದು ಕಟ್ಟಕಡೆಗೆ."

ಸೊನ್ನೆ, ಒಂದು ಎಂದರೆ ಕಾವಲಿನ ಎರಡು ಸ್ಥಿತಿಗಳು. ಒಂದು ಒತ್ತಿದರೆ ಕಾವಲುಗಾರ ತಡೆಯುತ್ತಾನೆ. ಸೊನ್ನೆ ಒತ್ತಿದರೂ ಅವನು ನಿಂತಿರುತ್ತಾನೆ. ಯಾರನ್ನೂ ತಡೆಯುವುದಿಲ್ಲ, ಯಾರು ಯಾರು ಹೋದರೆಂದು ಗುರುತು ಹಾಕಿಕೊಳ್ಳುತ್ತಾನೆ ಅಷ್ಟೆ. ಕಲಿಯುವಾಗ ಅದು ಉಪಯೋಗಕ್ಕೆ ಬರುತ್ತದೆ. ಇವರು ಕಲಿತು ಮುಗಿಸಿ, ಎಲ್ಲ ವಿಭಾಗಗಳೂ ಸರಿಯಾಗಿ ನಡೆಯುವುದನ್ನು ನೋಡಿ, ಒಂದನ್ನು ಒತ್ತಿ ಕೈ ಒರೆಸಿಕೊಂಡರು. ಆ ಸ್ಥಿತಿ ಬದಲಿಸುವ ಅಧಿಕಾರ ಆಗ ಆಸ್ಪತ್ರೆಯಲ್ಲಿ ಇದ್ದುದು ಇವರೊಬ್ಬರ ಬೆರಳಿಗೆ. ಗಲಾಟೆ ಆಗಿದ್ದು ಆ ಬೆರಳಿಗಾಗಿಯೇ.

ಹೊಸ ಸ್ಕ್ಯಾನ್ ಯಂತ್ರ ಬಂದ ದಿನ. ಯಂತ್ರ ಚಿತ್ರ ತೆಗೆಯುತ್ತಿದೆ, ಚಿತ್ರ ತುರ್ತುಚಿಕಿತ್ಸೆಗೆ ತಲುಪುತ್ತಿಲ್ಲ. ಏಣಿಯಿಂದ ಬಿದ್ದ ಪೇಂಟರ್ ಒಬ್ಬರು ಮಂಚದ ಮೇಲೆ ನರಳುತ್ತಿದ್ದಾರೆ. ತುರ್ತುಚಿಕಿತ್ಸೆಯ ಡಾಕ್ಟರು ಚಿತ್ರವನ್ನು ಡಿಸ್ಕಿಗೆ ಹಾಕಿಸಿ ಕೈಯಲ್ಲಿ ಹಿಡಿದು ಓಡಿ ಬಂದು, ಓಡುತ್ತಲೇ ಬೈದರು. "ಅವರು ಬೈದಿದ್ದು ಸರಿ. ನಾನಾಗಿದ್ರೆ ಇನ್ನೂ ಚೆನ್ನಾಗಿ ಬೈತಿದ್ದೆ" ಎನ್ನುತ್ತಾರೆ ಚೀಟಮ್ಮ. ಯಂತ್ರದ ಕಂಪನಿಯವನು ಮಾತ್ರ ತಣ್ಣಗೆ, "ಎಲ್ಲ ಆಸ್ಪತ್ರೆಲೂ ಮೊದಲು ಸೊನ್ನೆ ಒತ್ತಿಸ್ಬಿಡ್ತೀವಿ ಸಾರ್, ತಲೆನೋವೇ ಇರಲ್ಲ" ಎಂದು ನಿರ್ದೇಶಕರ ಕಿವಿ ಊದಿದ.

ಮುಂದಿನದನ್ನು ಚೀಟಮ್ಮ ಅಭಿನಯಿಸಿಯೇ ತೋರಿಸುತ್ತಾರೆ. ನಿರ್ದೇಶಕರು ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾರೆ, ಮೊದಲನೆಯದು ಗಂಟಲಿಗೆ, ಎರಡನೆಯದು ಗತ್ತಿಗೆ. ಎರಡೂ ಕೆಮ್ಮು ಕೆಮ್ಮಿ, ಕತ್ತು ಒಂದು ಕಡೆ ಓರೆ ಮಾಡಿ, ಇವರು ಶುರು ಮಾಡುತ್ತಾರೆ: "ನೋಡಮ್ಮಾ. ನನಗೆ ಈ ಚೀಟಿ, ಗೀಟಿ ಎಲ್ಲ ಗೊತ್ತಿಲ್ಲ. ಒಂದು ಸೊನ್ನೆ ಒತ್ತಿದ್ರೆ ಸರಿ ಹೋಗುತ್ತಂತೆ. ನೀನೇ ಮೊದಲು ಸೊನ್ನೆಯಲ್ಲಿ ಇಟ್ಟಿದ್ದೆಯಂತೆ. ಒತ್ತಮ್ಮಾ."

"ಸರಿ ಹೋಗಲ್ಲ ಸಾರ್. ಸುಮ್ಮನಾಗುತ್ತೆ."

"ಸುಮ್ಮನಾದ್ರೆ ಸಾಕಮ್ಮಾ."

"ಮಧ್ಯಾಹ್ನದವರೆಗೆ ಟೈಮ್ ಕೊಡಿ."

ಕೊಟ್ಟರು, ಕೆಮ್ಮಿ ಕೊಟ್ಟರು. ಚೀಟಮ್ಮ ಪರದೆ ಬಿಟ್ಟು ಕಾರಿಡಾರಿಗೆ ಇಳಿದರು. ಸ್ಕ್ಯಾನ್ ಯಂತ್ರಕ್ಕೆಂದು ಗುರುತು ಹಾಕಿದ್ದ ಗೋಡೆಯ ನೆಟ್ ಸಾಕೆಟ್ಟಿನ ವಿಳಾಸಕ್ಕೆ ಚಿಕಿತ್ಸೆಯ ಚೀಟಿ ಹಿಂದಿನ ದಿನವೇ ಸಿದ್ಧವಾಗಿತ್ತು. ಹೋಗಿ ನೋಡಿದರೆ ಆ ಸಾಕೆಟ್ಟು ಖಾಲಿ. ಅದು ಭಾರದ ಕಬ್ಬಿಣದ ಬೀರುವಿನ ಹಿಂದಿತ್ತು. ಬೀರು ಸರಿಸುವ ಸೋಮಾರಿತನಕ್ಕೆ ಕಂಪನಿಯವನು ಪಕ್ಕದ ಕೋಣೆಗೆ ವೈರು ಎಳೆದಿದ್ದ. ಪಕ್ಕದ್ದು ಸಂದರ್ಶಕರು ಕೂರುವ ಕೋಣೆ. ಅಲ್ಲಿಯ ಸಾಕೆಟ್ಟಿಗೆ ಇದ್ದದ್ದು ಹೊರಗಿನವರ ಚೀಟಿ. ಹೊರಗಿನವರ ಚೀಟಿಯಲ್ಲಿ ಬಂದ ಮೂಳೆಯ ಚಿತ್ರವನ್ನು ಚಿಕಿತ್ಸೆಯ ಕಂಪ್ಯೂಟರು ಮುಟ್ಟದೆ ನಿಂತಿತ್ತು, ಹೇಳಿಕೊಟ್ಟ ಹಾಗೆಯೇ.

ಅಜ್ಜನೂ ಗಾಡಿ ತಳ್ಳುವ ಇಬ್ಬರೂ ಬಂದು ಬೀರುವಿಗೆ ಹೆಗಲು ಕೊಟ್ಟರು. ವೈರು ತನ್ನ ಸಾಕೆಟ್ಟಿಗೆ ಬಂತು, ಚಿತ್ರ ತುರ್ತುಚಿಕಿತ್ಸೆಗೆ ಹೋಯಿತು. ಮಧ್ಯಾಹ್ನ ಆಗಿರಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ತಮ್ಮ ಮಾತು ನಡೆಯಲಿಲ್ಲವೆಂಬುದು ನಿರ್ದೇಶಕರಿಗೆ ಹೊಳೆಯಿತು. ಮತ್ತೆ ಕರೆಸಿದರು. ಸೊನ್ನೆ ಒತ್ತದಿದ್ದರೆ ಬೇಡ, ತಮ್ಮ ಕಂಪ್ಯೂಟರಿಗೆ ಎಲ್ಲ ಚೀಟಿಗಳನ್ನೂ ಕೊಡಲಿ ಎಂದರು. ಆಸ್ಪತ್ರೆಯ ಮುಖ್ಯಸ್ಥನಿಗೆ ಆಸ್ಪತ್ರೆಯೊಳಗಿನದು ಕಾಣದಿದ್ದರೆ ಹೇಗೆ?

"ಮೂಲೆಕೋಣೆಯ ಚೀಟಿ ನನಗೂ ಇಲ್ಲ ಸಾರ್. ಅಲ್ಲಿ ಕೂತು ಕೇಳೋರಿಗೆ ಮಾತ್ರ ಇದೆ."

"ನೀನು ಮಾಡಿದ್ದು ನಿನಗೇ ಕಾಣಲ್ವಾ?"

"ಕಾಣದ ಹಾಗೆ ಮಾಡಿದ್ದೇ ನಾನು."

ಹಾಗಾದರೆ ಬರಹದಲ್ಲೇ ಆಜ್ಞೆ ಕೊಡುತ್ತೇನೆ ಎಂದರು. ಚೀಟಮ್ಮ ಅವರ ಮೇಜಿನ ಮೇಲಿದ್ದ ಹಾಳೆಯನ್ನೇ ಅವರತ್ತ ಸರಿಸಿದರು. "ಕೊಡಿ ಸಾರ್. ಆದ್ರೆ ನನಗಲ್ಲ. 'ಇವತ್ತಿನಿಂದ ಇಲ್ಲಿ ಹೇಳಿದ್ದು ಕೆಳಗಿನ ಆಫೀಸಿಗೂ ಕಾಣುತ್ತೆ' ಅಂತ ದಪ್ಪಕ್ಷರದಲ್ಲಿ ಬರೆದು, ಸಹಿ ಹಾಕಿ ಕೊಡಿ. ಮೂಲೆಕೋಣೆ ಬಾಗಿಲಿಗೆ ಅಂಟಿಸ್ತೀನಿ. ಬರೋರು ಓದ್ಕೊಂಡು, ಒಳಗೆ ಹೋಗಬೇಕೋ ಬೇಡ್ವೋ ಅವರೇ ತೀರ್ಮಾನ ಮಾಡ್ಲಿ."

ನಿರ್ದೇಶಕರು ಕೆಮ್ಮಲಿಲ್ಲ. ಆ ಹಾಳೆಗೆ ಸಹಿ ಬೀಳಲಿಲ್ಲ. ಚೀಟಮ್ಮನ ಕೆಲಸ ವರ್ಷವರ್ಷವೂ ನವೀಕರಣವಾಗುವಂಥದ್ದು. ಆ ಕಾಗದಕ್ಕೂ ಸಹಿ ಬಿದ್ದಿಲ್ಲ. ಅವಧಿ ಮುಗಿದರೂ ಇವರು ದಿನಾ ಬೆಳಿಗ್ಗೆ ಬಂದು ಸ್ವೆಟರ್ ತೊಟ್ಟು ಕೂರುತ್ತಾರೆ. ಕಳಿಸಿಬಿಟ್ಟರೆ?

"ಕಳಿಸೋದಾದ್ರೆ ಎದುರಿಗೆ ಕರೆದು ಕಳಿಸ್ಲಿ. ನಾನಾಗಿ ಮೆತ್ತಗೆ ಜಾರ್ಕೊಳ್ಳಲ್ಲ. ಈಗ ಈ ಬೆರಳಿನ ಅಧಿಕಾರಾನ ಮೂಲೆಕೋಣೆಯವರಿಗೂ ನನಗೂ ಜೋಡಿಯಾಗಿ ಮಾಡಿಟ್ಟಿದ್ದೀನಿ. ಇಬ್ಬರೂ ಒಪ್ಪಿದ್ರೇನೇ ಸೊನ್ನೆ. ನನ್ನ ಕಳಿಸಿದ್ರೂ ಅವರು ಒಪ್ಪಬೇಕಲ್ಲ."

ಚೀಟಮ್ಮನ ಮನೆ ಆಸ್ಪತ್ರೆಯಿಂದ ಎರಡು ಬೀದಿ ಆಚೆ. ಮುಂದೆ ಹಳದಿ ಬಣ್ಣದ ಶಾಲಾ ವ್ಯಾನ್ ನಿಂತಿದೆ. ಪ್ಯಾಂಟಿನ ಕಾಲು ಮಡಚಿಕೊಂಡು ಅದರ ಗಾಜು ಉಜ್ಜುತ್ತಿರುವವರು ಚೀಟಮ್ಮನ ಅಕ್ಕ. ವ್ಯಾನ್ ಓಡಿಸುವವರೂ ಅವರೇ. ಕೆಲವು ತಿಂಗಳಿಂದ ತಂಗಿಯ ಮನೆಯಲ್ಲೇ ಇದ್ದಾರೆ. ತಂಗಿಯನ್ನು ಹೊಗಳಿ ಪತ್ರಿಕೆಗೆ ಬರೆಯಲು ಬಂದಿದ್ದಾರಂತೆ ಎಂದು ಕೇಳಿ ಬಟ್ಟೆ ಹಿಂಡುತ್ತಾ ಎದುರಿಗೆ ಬಂದು ನಿಲ್ಲುತ್ತಾರೆ.

"ಇವಳು ಹೇಳದೆ ಬಿಟ್ಟಿದ್ದನ್ನ ನಾನು ಹೇಳ್ತೀನಿ, ಬರ್ಕೊಳ್ಳಿ."

"ಅಕ್ಕಾ, ಬೇಡ್ವೇ."

"ನಿಂದಲ್ವೇ ಇದು, ನಂದು. ನೀನು ಸುಮ್ನಿರು. ನನ್ನ ಗಂಡ ಅನ್ನೋ ಆಸಾಮಿ ಓದಿದ್ರೆ ಓದ್ಲಿ. ಹೆದರಿಕೊಂಡಿದ್ದ ಕಾಲ ಮುಗೀತು."

ಸ್ಕ್ಯಾನ್ ಯಂತ್ರದ ಗಲಾಟೆಗೂ ಒಂದು ವಾರ ಮೊದಲು, ಮೂರನೇ ಮಹಡಿಯಲ್ಲಿ ವೈರು ನೋಡುತ್ತಿದ್ದ ಚೀಟಮ್ಮ, ಮೂಲೆಕೋಣೆಯಿಂದ ಹೊರಬಂದು ಮೆಟ್ಟಿಲಿಳಿಯುತ್ತಿದ್ದ ಬೆನ್ನೊಂದನ್ನು ನೋಡಿದರು. ಚಿಕ್ಕಂದಿನಿಂದ ಆ ಬೆನ್ನ ಹಿಂದೆಯೇ ಶಾಲೆಗೆ ನಡೆದವರು ಇವರು. ಕೂಗಲಿಲ್ಲ. ಕೆಳಗೆ ಬಂದು ಕಂಪ್ಯೂಟರಿನಲ್ಲಿ ಅಕ್ಕನ ಹೆಸರು ಒತ್ತಿದರು.

"ಒತ್ತಿದೆ. ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ತಂಗಿ, ವ್ಯಾನಿನ ಚಕ್ರ ನೋಡುತ್ತಾ. "ಅನುಮತಿ ಇಲ್ಲ ಅಂತು. ನಾನೇ ಹೇಳಿಕೊಟ್ಟ ಮಾತು, ನನಗೇ ಹೇಳ್ತು. ಆಮೇಲೆ ಆ ವಾರ ಪೂರ್ತಿ ಅಕ್ಕ ಎದುರಿಗೆ ಬಂದಾಗಲೆಲ್ಲ ತೋಳು ನೋಡ್ತಿದ್ದೆ, ಕುತ್ತಿಗೆ ನೋಡ್ತಿದ್ದೆ. ಆಗಲೇ ನಿರ್ದೇಶಕರು ಸೊನ್ನೆ ಒತ್ತು ಅಂದ್ರು."

ಅಂದರೆ ನಿರ್ದೇಶಕರ ಎದುರು ನಿಂತ ದಿನ, ಒಳಗಿನ ಬಯಕೆಗೆ ಮೇಲಿನಿಂದ ಅಪ್ಪಣೆಯೇ ಸಿಕ್ಕಿತ್ತು. ಒತ್ತಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

"ಬೀರು ತಳ್ಳೋಕೆ ಹೋದ್ಲು ಇವಳು" ಎನ್ನುತ್ತಾರೆ ಅಕ್ಕ. "ಅದೆಲ್ಲ ಆಗಿ ಎಷ್ಟೋ ದಿನದ ಮೇಲೆ ನಾನೇ ಚೀಲ ತಗೊಂಡು ಇಲ್ಲಿಗೆ ಬಂದೆ. ನಾನಾಗೇ ಹೇಳಿದೆ. ಅವತ್ತು ಇವಳು ಆಡಿದ್ದು ಒಂದೇ ಮಾತು, ಊಟ ಮಾಡು ಅಂತ." ಒದ್ದೆ ಬಟ್ಟೆಯನ್ನು ಕನ್ನಡಿಯ ಮೇಲೆ ಹರವುತ್ತಾರೆ. "ಮೊದಲನೇ ಸಲ ಆ ಕೋಣೆಗೆ ಹೋದಾಗ ನಾನು ಬಾಯಿ ಬಿಟ್ಟಿರ್ಲಿಲ್ಲ ಗೊತ್ತಾ. ಕೆಳಗೆ ನನ್ನ ತಂಗಿ ಕೂತಿದ್ದಾಳೆ, ಕಂಪ್ಯೂಟರೆಲ್ಲ ಅವಳ ಕೈಯಲ್ಲೇ ಇದೆ, ಅವಳಿಗೆ ಕಾಣುತ್ತಾ ಅಂತ ಕೇಳಿದೆ. ಆ ಮೇಡಂ ಹೇಳಿದ್ರು, ಕಾಣಲ್ಲಮ್ಮ, ಈ ಬಾಗಿಲು ಹಾಕ್ಕೊಟ್ಟೋಳೇ ಅವಳು ಅಂತ. ಆಮೇಲೆ ಹೇಳಿದೆ. ಎಲ್ಲಾ ಹೇಳಿದೆ."

ತಂಗಿ ಬಕೆಟ್ ಎತ್ತಿ ನೀರು ಚೆಲ್ಲಲು ಹೋಗುತ್ತಾರೆ. ಅಕ್ಕ ಬಿಡುವುದಿಲ್ಲ.

"ಆಸ್ಪತ್ರೇಲಿ ಅಷ್ಟೊಂದು ಹರಿಶ್ಚಂದ್ರಿ. ಮನೇಲಿ ಮಾತ್ರ ದಿನಾ ನನ್ನ ಕಪಾಟು ತೆಗೆದು ನನ್ನ ಬಟ್ಟೆ ಹಾಕ್ಕೊಂಡು ಹೋಗ್ತಾಳೆ. ಮೇಲಿರೋ ಆ ಸ್ವೆಟರ್ ಯಾರದು ಕೇಳಿ."

ಚೀಟಮ್ಮ ಖಾಲಿ ಬಕೆಟ್ ಮಗುಚಿಟ್ಟು, ಸ್ವೆಟರಿನ ತೋಳು ಕೆಳಗೆಳೆದುಕೊಳ್ಳುತ್ತಾರೆ.

"ಕಪಾಟಿಗೆ ಚೀಟಿ ಹಚ್ಚು ಅಂತ ನೀನು ಹೇಳೇ ಇಲ್ವಲ್ಲಕ್ಕಾ."